ಸೆಕ್ಯುರಿಟಿ ಕಾನ್ಫರೆನ್ಸ್‌ನಲ್ಲಿ ಕೇಳಿದ್ದು ಕೈಗೆ ಬರಬೇಕಾದರೆ

ಮೊದಲ ಸಲ ಒಂದು ಕಂಪ್ಯೂಟರ್ ಸೆಕ್ಯುರಿಟಿ ಕಾನ್ಫರೆನ್ಸ್‌ಗೆ ಹೋಗಿ ಬಂದಾಗ ನನ್ನ ಹತ್ತಿರ 11 ಪುಟ ನೋಟ್ಸ್ ಇತ್ತು. ಫೋನಿನಲ್ಲಿ ನೂರಕ್ಕೂ ಮೇಲೆ ಸ್ಲೈಡ್ ಫೋಟೊಗಳು. ಸೋಮವಾರ ಆಫೀಸಿಗೆ ಹೋದ ತಕ್ಷಣ ಟೀಮ್ ಲೀಡ್ ಕೇಳಿದರು: "ಏನ್ರೀ, ಏನೇನು ಕಲಿತು ಬಂದ್ರಿ?" "ತುಂಬಾ ಚೆನ್ನಾಗಿತ್ತು ಸರ್" ಅಂದೆ. ಅವರು ಇನ್ನೂ ಕಾಯುತ್ತಿದ್ದರು. ನನಗೆ ಮುಂದೆ ಒಂದು ವಾಕ್ಯ ಹೊರಡಲಿಲ್ಲ. ಎರಡು ದಿನ ಮುಂದಿನ ಸಾಲಿನಲ್ಲೇ ಕೂತಿದ್ದೆ, ನಿದ್ದೆ ಮಾಡಿರಲಿಲ್ಲ, ಎಲ್ಲದಕ್ಕೂ ತಲೆಯಾಡಿಸಿದ್ದೆ. ಆದರೂ ಕೈಯಲ್ಲಿ ಏನೂ ಉಳಿದಿರಲಿಲ್ಲ.

ಅಲ್ಲಿಂದೀಚೆಗೆ ನಾನು ಕಾನ್ಫರೆನ್ಸ್‌ಗೆ ಹೋಗುವ ರೀತಿ ಬದಲಾಗಿದೆ. ಆ ರೀತಿಯನ್ನೇ ಇಲ್ಲಿ ಬರೆದಿದ್ದೇನೆ. ಟಿಕೆಟ್ ತೆಗೆದುಕೊಂಡವರಿಗೂ ಆಗುತ್ತದೆ, ಮನೆಯಲ್ಲಿ ಕೂತು ರೆಕಾರ್ಡಿಂಗ್ ನೋಡುವವರಿಗೂ ಆಗುತ್ತದೆ.

ಮೊದಲು: ಟಾಕ್‌ನಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಒಂದು ಟಾಕ್ ಅಂದರೆ ಹೆಚ್ಚೆಂದರೆ 40-50 ನಿಮಿಷ. ಅದರ ಹಿಂದೆ ಆರು ತಿಂಗಳೋ ಒಂದು ವರ್ಷವೋ ದುಡಿದ ಕೆಲಸ ಇರುತ್ತದೆ. 2015ರಲ್ಲಿ ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಾಲಸೆಕ್ ಅನ್ನುವ ಸಂಶೋಧಕರು ಜೀಪ್ ಚೆರೊಕಿ ಕಾರನ್ನು ದೂರದಿಂದಲೇ ಹಿಡಿತಕ್ಕೆ ತೆಗೆದುಕೊಂಡ ಕಥೆಯನ್ನು ಬ್ಲ್ಯಾಕ್ ಹ್ಯಾಟ್ ಅನ್ನುವ ಸೆಕ್ಯುರಿಟಿ ಕಾನ್ಫರೆನ್ಸ್‌ನಲ್ಲಿ ಹೇಳಿದರು. ಆ ಹೊತ್ತಿಗಾಗಲೇ ಕಾರಿನ ಕಂಪನಿ ದೋಷ ಸರಿಪಡಿಸಲೆಂದು 14 ಲಕ್ಷ ವಾಹನಗಳಿಗೆ ರೀಕಾಲ್ ಘೋಷಿಸಿತ್ತು. ಟಾಕ್ ಕೇಳಿದವರಿಗೆ ಒಂದು ವಿಷಯ ಮನಸ್ಸಿಗೆ ಇಳಿಯಿತು: "ಇದು ಸಾಧ್ಯ." ಆದರೆ ಕಾರಿನ ರೇಡಿಯೊದಿಂದ ಬ್ರೇಕ್‌ವರೆಗಿನ ದಾರಿ ಹೇಗೆ ಅನ್ನುವುದು ಇರುವುದು ಅವರು ಬರೆದ ಸುಮಾರು 90 ಪುಟದ ವರದಿಯಲ್ಲಿ. ಅಷ್ಟನ್ನೂ ಒಂದು ಗಂಟೆಯೊಳಗೆ ಯಾರ ತಲೆಗೂ ತುಂಬಲು ಆಗುವುದಿಲ್ಲ.

ಟಾಕ್ ಚೆನ್ನಾಗಿ ದಾಟಿಸುವುದು ಮೂರು ಸಂಗತಿಗಳನ್ನು: ಏನು ಸಾಧ್ಯ, ಯಾರು ಅದರ ಮೇಲೆ ಕೆಲಸ ಮಾಡುತ್ತಿದ್ದಾರೆ, ಮುಂದೆ ಎಲ್ಲಿ ಹುಡುಕಬೇಕು. ಕೈಚಳಕವನ್ನು ಅದು ದಾಟಿಸುವುದಿಲ್ಲ. ಟಾಕ್ ಒಂದು ವಿಳಾಸದ ಚೀಟಿ ಇದ್ದ ಹಾಗೆ. ಚೀಟಿ ಜೇಬಿನಲ್ಲಿದ್ದರೆ ಮನೆಗೆ ಹೋಗಿ ಬಂದ ಹಾಗಲ್ಲ ಅಲ್ವಾ?

ತೊಂದರೆ ಏನೆಂದರೆ, ಕೇಳುವಾಗ ನಮಗೆ ಹಾಗೆ ಅನಿಸುವುದಿಲ್ಲ. ಒಳ್ಳೆಯ ಸ್ಪೀಕರ್ ಸಿಕ್ಕರಂತೂ ಎಲ್ಲವೂ ಸಲೀಸು ಅನಿಸುತ್ತದೆ. ದೂರದ ಬೆಟ್ಟ ನುಣ್ಣಗೆ. ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. 2018ರಲ್ಲಿ ಮೈಕಲ್ ಕಾರ್ಡಸ್ ಮತ್ತು ಎಡ್ ಒಬ್ರಯನ್ ಅನ್ನುವ ಸಂಶೋಧಕರು ಡಾರ್ಟ್ ಎಸೆಯುವ ಒಂದು ಪುಟ್ಟ ವಿಡಿಯೊವನ್ನು ಕೆಲವರಿಗೆ ಒಂದೇ ಸಲ, ಇನ್ನು ಕೆಲವರಿಗೆ 20 ಸಲ ತೋರಿಸಿದರು. 20 ಸಲ ನೋಡಿದವರು "ನಾನು ಚೆನ್ನಾಗಿ ಎಸೆಯುತ್ತೇನೆ" ಅಂದುಕೊಂಡರು. ಡಾರ್ಟ್ ಕೈಗೆ ಕೊಟ್ಟು ಎಸೆಸಿದರೆ ಒಂದು ಸಲ ನೋಡಿದವರಿಗಿಂತ ಏನೂ ಜಾಸ್ತಿ ಇರಲಿಲ್ಲ. ನೋಡಿದಷ್ಟೂ ಬೆಳೆದದ್ದು ಧೈರ್ಯ ಮಾತ್ರ. ಡೆಮೊ ನೋಡುತ್ತಾ ಕೂತಾಗ ನಮಗೂ ಆಗುವುದು ಇದೇ. ಟರ್ಮಿನಲ್ (ಕಮಾಂಡ್ ಬರೆಯುವ ಪರದೆ) ಮೇಲೆ ರೂಟ್ ಶೆಲ್ ಬಂತು, ಅಂದರೆ ಇಡೀ ಯಂತ್ರ ಕೈವಶವಾಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು, ನಾವೇ ಹೊಡೆದ ಹಾಗೆ ಖುಷಿ.

ಹೆಜ್ಜೆ 1: ಒಂದು ಪ್ರಶ್ನೆ ಹಿಡಿದು ಹೋಗಿ

ಹೊರಡುವ ಒಂದು ವಾರ ಮೊದಲು, ನಿಮ್ಮ ಕೆಲಸದಲ್ಲಿ ನಿಮ್ಮನ್ನು ಕಾಡುತ್ತಿರುವ ಒಂದೇ ಒಂದು ಪ್ರಶ್ನೆಯನ್ನು ಬರೆದುಕೊಳ್ಳಿ. "ಕ್ಲೌಡ್ ಸೆಕ್ಯುರಿಟಿ ಬಗ್ಗೆ ತಿಳಿಯಬೇಕು" ಅಂದರೆ ಅದು ಪ್ರಶ್ನೆಯಲ್ಲ, ಸುಮ್ನೆ ಆಸೆ. "ನಮ್ಮ ಬಿಲ್ಡ್ ಸರ್ವರ್‌ಗೆ ಯಾರಾದರೂ ನುಗ್ಗಿದರೆ ನಮಗೆ ಯಾವ ಲಾಗ್‌ನಲ್ಲಿ ಗೊತ್ತಾಗುತ್ತದೆ?" ಅನ್ನುವುದು ಪ್ರಶ್ನೆ. (ಬಿಲ್ಡ್ ಸರ್ವರ್ ಅಂದರೆ ಕೋಡ್‌ನಿಂದ ಸಾಫ್ಟ್‌ವೇರ್ ಕಟ್ಟುವ ಯಂತ್ರ, ಲಾಗ್ ಅಂದರೆ ಯಂತ್ರ ತಾನೇ ಬರೆದಿಡುವ ದಾಖಲೆ.) ಇಂಥ ಒಂದು ಪ್ರಶ್ನೆ ಜೇಬಿನಲ್ಲಿದ್ದರೆ ವೇಳಾಪಟ್ಟಿ ನೋಡುವ ಕಣ್ಣೇ ಬೇರೆಯಾಗುತ್ತದೆ. ನೀವು ಹೋಗಬೇಕೆಂದುಕೊಂಡಿದ್ದ ಅರ್ಧ ಟಾಕ್‌ಗಳು ತಾವಾಗಿಯೇ ಉದುರಿ ಹೋಗುತ್ತವೆ.

ಹೆಜ್ಜೆ 2: ಹಳೆಯದನ್ನು ಓದಿಕೊಂಡು ಹೋಗಿ

ಇದು ಬೇಜಾರಿನ ಕೆಲಸ. ಅದಕ್ಕೇ ಯಾರೂ ಮಾಡುವುದಿಲ್ಲ. ಆದರೆ ಒಂದು ಟಾಕ್‌ನಲ್ಲಿ ಹೊಸದು ಯಾವುದು ಅಂತ ಗೊತ್ತಾಗಬೇಕಾದರೆ ಹಳೆಯದು ಗೊತ್ತಿರಬೇಕು.

2008ರಲ್ಲಿ ಡ್ಯಾನ್ ಕಮಿನ್ಸ್ಕಿ ಅನ್ನುವ ಸಂಶೋಧಕ ಹೇಳಿದ ಡಿಎನ್ಎಸ್ ಬಗ್ (ದೋಷ) ನೋಡಿ. ಡಿಎನ್ಎಸ್ ಅಂದರೆ ವೆಬ್‌ಸೈಟ್ ಹೆಸರು ಕೊಟ್ಟರೆ ಅದರ ವಿಳಾಸ ಹೇಳುವ ವ್ಯವಸ್ಥೆ. ಡಿಎನ್ಎಸ್ ಪ್ರಶ್ನೆಗೆ 16 ಬಿಟ್‌ನ ಒಂದು ಗುರುತಿನ ಸಂಖ್ಯೆ ಇರುತ್ತದೆ, ಅಂದರೆ 65,536 ಸಾಧ್ಯತೆ. ಅದನ್ನು ಊಹಿಸಿ ಸುಳ್ಳು ಉತ್ತರ ತೂರಿಸಬಹುದು ಅನ್ನುವುದು ಎಲ್ಲರಿಗೂ ಗೊತ್ತಿದ್ದ ವಿಷಯ. ಆದರೆ ಒಂದು ಸಲ ತಪ್ಪಿದರೆ ಕ್ಯಾಶ್‌ನಲ್ಲಿ, ಅಂದರೆ ಉತ್ತರಗಳನ್ನು ಸ್ವಲ್ಪ ಕಾಲ ನೆನಪಿಟ್ಟುಕೊಳ್ಳುವ ಜಾಗದಲ್ಲಿ, ಸರಿಯಾದ ಉತ್ತರ ಕೂತುಬಿಡುತ್ತದೆ, ಅದರ ಅವಧಿ ಮುಗಿಯುವವರೆಗೆ ಕಾಯಬೇಕು. ಅದೇ ರಕ್ಷಣೆ ಅಂದುಕೊಂಡಿದ್ದರು. ಕಮಿನ್ಸ್ಕಿ ಹೇಳಿದ್ದೇನು? ಇಲ್ಲದ ಹೆಸರುಗಳನ್ನೇ ಕೇಳುತ್ತಾ ಹೋಗಿ, ಡೊಮೈನ್ ಹೆಸರಿನ ಮುಂದೆ 1 ಅಂತ, 2 ಅಂತ, 3 ಅಂತ ಸೇರಿಸಿ. ಯಾವುದೂ ಕ್ಯಾಶ್‌ನಲ್ಲಿ ಇರುವುದಿಲ್ಲ, ಕಾಯುವ ಮಾತೇ ಇಲ್ಲ. ಒಂದು ಊಹೆ ಸರಿಬಿದ್ದರೆ ಆ ಉತ್ತರದ ಜೊತೆ ಇಡೀ ಡೊಮೈನ್‌ನ ವಿಳಾಸವನ್ನೇ ಬದಲಿಸಿ ಕಳಿಸಬಹುದು. ಕ್ಯಾಶ್ ಅವಧಿಯ ಸಂಗತಿ ಗೊತ್ತಿಲ್ಲದವರು ಇದನ್ನು ಕೇಳಿದರೆ "ಹೌದಾ, ಸರಿ" ಅಂದು ಸುಮ್ಮನಾಗುತ್ತಾರೆ. ಗೊತ್ತಿದ್ದವರು ಕುರ್ಚಿಯಿಂದ ಏಳುತ್ತಾರೆ. ಟಾಕ್ ಒಂದೇ, ಕೇಳಿಸಿದ್ದು ಬೇರೆ.

ಆಯ್ದುಕೊಂಡ ಪ್ರತಿ ಟಾಕ್‌ಗೆ ಅರ್ಧ ಗಂಟೆ ಕೊಡಿ, ಸಾಕು. ಅದೇ ಸ್ಪೀಕರ್‌ನ ಹಿಂದಿನ ಟಾಕ್ ಹುಡುಕಿ. ಯೂಸ್‌ನಿಕ್ಸ್ ಸೆಕ್ಯುರಿಟಿಯಂಥ ಸಂಶೋಧನಾ ಕಾನ್ಫರೆನ್ಸ್‌ಗಳ ಪೇಪರ್‌ಗಳು ಬಿಟ್ಟಿಯಾಗಿಯೇ ಸಿಗುತ್ತವೆ. ಅಂಥ ಪೇಪರ್‌ನ ಮೊದಲ ಎರಡು ಪುಟ ಓದಿ. ಗೊತ್ತಿಲ್ಲದ ಐದು ಪದಗಳನ್ನು ಮೊದಲೇ ಬಿಡಿಸಿಕೊಂಡರೆ ಅಲ್ಲಿ ಕೂತು ಫೋನಿನಲ್ಲಿ ಹುಡುಕುವ ಪಾಡು ತಪ್ಪುತ್ತದೆ.

ಹೆಜ್ಜೆ 3: ರೆಕಾರ್ಡ್ ಆಗದಿರುವುದಕ್ಕೆ ಹೋಗಿ

ದೊಡ್ಡ ವೇದಿಕೆಯ ಟಾಕ್‌ಗಳು ಬಹುತೇಕ ಆಮೇಲೆ ವಿಡಿಯೊ ಆಗಿ ಬರುತ್ತವೆ. ಜರ್ಮನಿಯಲ್ಲಿ 1984ರಿಂದ ನಡೆಯುತ್ತಿರುವ ಕೇಯಾಸ್ ಕಮ್ಯುನಿಕೇಶನ್ ಕಾಂಗ್ರೆಸ್ ಅನ್ನುವ ಹ್ಯಾಕರ್‌ಗಳ ಸಮ್ಮೇಳನದವರು ತಮ್ಮ ಟಾಕ್‌ಗಳನ್ನು ಬೇಗನೆ ನೆಟ್‌ಗೆ ಹಾಕುತ್ತಾರೆ. 1993ರಲ್ಲಿ ಶುರುವಾದ ಡೆಫ್ ಕಾನ್ ಅನ್ನುವ ಅಮೆರಿಕದ ಕಾನ್ಫರೆನ್ಸ್ ಕೂಡ ಹಳೆಯ ಟಾಕ್‌ಗಳನ್ನು ಬಿಟ್ಟಿಯಾಗಿ ಕೊಡುತ್ತದೆ. ಮನೆಯಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಬಹುದಾದದ್ದಕ್ಕೆ ಅಲ್ಲಿ ಸಾಲಿನಲ್ಲಿ ನಿಲ್ಲುವುದು ಯಾಕೆ?

ಡೆಫ್ ಕಾನ್‌ನಲ್ಲಿ ವಿಲೇಜ್‌ಗಳು ಅಂತ ಇರುತ್ತವೆ. ಬೀಗ ಬಿಚ್ಚುವುದಕ್ಕೆ ಒಂದು, ಹಾರ್ಡ್‌ವೇರ್‌ಗೆ ಒಂದು, ಹೀಗೆ. ಅಲ್ಲಿ ಮೇಜಿನ ಮೇಲೆ ಸಾಮಾನು ಹರಡಿರುತ್ತದೆ, ಪಕ್ಕದಲ್ಲಿ ಗೊತ್ತಿರುವವರೊಬ್ಬರು ಇರುತ್ತಾರೆ, ನೀವು ಕೈಯಾಡಿಸಬಹುದು. ಬೀಗದ ಒಳಗೆ ಪಿನ್ ಸರಿಜಾಗಕ್ಕೆ ಕೂತಾಗ ಬೆರಳಿಗೆ ಆಗುವ ಆ ಸಣ್ಣ 'ಟಿಕ್' ಅನ್ನು ಯಾವ ಸ್ಲೈಡೂ ಹೇಳಿಕೊಡಲಾರದು. ವರ್ಕ್‌ಶಾಪ್, ಸಿಟಿಎಫ್ (ಹ್ಯಾಕಿಂಗ್ ಸ್ಪರ್ಧೆ), ಟಾಕ್ ಮುಗಿದ ಮೇಲೆ ಹೊರಗೆ ಗುಂಪುಗಟ್ಟಿ ಮಾತಾಡುವುದು, ಇವೆಲ್ಲ ಇದೇ ಜಾತಿ. ದಿನಕ್ಕೆ ಎರಡು ಟಾಕ್, ಉಳಿದ ಹೊತ್ತು ಇಂಥ ಕಡೆ. ನನ್ನ ಲೆಕ್ಕ ಇದು.

ಒಂದು ಎಚ್ಚರಿಕೆ. ವರ್ಕ್‌ಶಾಪ್‌ನಲ್ಲಿ ಕೂತಾಗ ಗೊಂದಲ ಆಗುತ್ತದೆ, ಕೈ ನಡೆಯುವುದಿಲ್ಲ, "ಟಾಕ್‌ಗೇ ಹೋಗಬಹುದಿತ್ತು" ಅನಿಸುತ್ತದೆ. ಆ ಅನಿಸಿಕೆಯನ್ನು ನಂಬಬೇಡಿ. ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿಗಳ ಮೇಲೆ ನಡೆಸಿದ, 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ತೋರಿಸಿತು. ತಾವೇ ಲೆಕ್ಕ ಬಿಡಿಸುತ್ತಾ ಕಲಿತವರಿಗೆ ಪರೀಕ್ಷೆಯಲ್ಲಿ ಅಂಕ ಜಾಸ್ತಿ ಬಂತು. ಆದರೆ "ನಾನು ಚೆನ್ನಾಗಿ ಕಲಿತೆ" ಅಂದವರು ನುಣುಪಾದ ಉಪನ್ಯಾಸ ಕೇಳಿದವರು.

ಹೆಜ್ಜೆ 4: ಟಾಕ್ ನಡೆಯುವಾಗ ಕಡಿಮೆ ಬರೆಯಿರಿ

ಸ್ಲೈಡ್ ಫೋಟೊ ತೆಗೆಯಬೇಡಿ. ಸ್ಲೈಡ್ ಹೇಗೂ ಸಿಗುತ್ತದೆ. ಫೋಟೊ ತೆಗೆದ ತಕ್ಷಣ "ಇದು ನನ್ನ ಹತ್ತಿರ ಇದೆ" ಅಂತ ಮನಸ್ಸು ನಿರಾಳವಾಗಿಬಿಡುತ್ತದೆ, ಕೇಳುವುದನ್ನು ಬಿಡುತ್ತದೆ. ನನ್ನ ಆ ನೂರು ಫೋಟೊಗಳಲ್ಲಿ ಒಂದನ್ನೂ ನಾನು ಮತ್ತೆ ತೆರೆದಿಲ್ಲ.

ಪುಟದ ಮೇಲೆ ಎರಡೇ ಬಗೆಯ ಸಾಲು ಇರಲಿ. ನನಗೆ ಅರ್ಥವಾಗದೆ ಜಾರಿದ ಜಾಗ. ನಾನು ಮಾಡಿ ನೋಡಬೇಕಾದ ಕೆಲಸ. ಅಷ್ಟೇ. "ಇಲ್ಲಿ ಎರಡು ಸರ್ವರ್‌ಗಳು ಯಾಕೆ ಬೇರೆ ಬೇರೆ ಲೆಕ್ಕ ಹಾಕುತ್ತವೆ?" ಅಂತ ಒಂದು ಸಾಲು ಬರೆದರೆ ಅದು ಮೂರು ಪುಟ ಡಿಕ್ಟೇಶನ್‌ಗಿಂತ ಮೇಲು.

ಹೆಜ್ಜೆ 5: ಹೊರಗೆ ಬಂದ ಮೇಲೆ ಹತ್ತು ನಿಮಿಷ

ಇಡೀ ಲೇಖನದಲ್ಲಿ ಒಂದೇ ಹೆಜ್ಜೆ ಮಾಡುತ್ತೀರಿ ಅಂದರೆ ಇದನ್ನು ಮಾಡಿ. ಟಾಕ್ ಮುಗಿದ ತಕ್ಷಣ ಮುಂದಿನ ಹಾಲ್‌ಗೆ ಓಡಬೇಡಿ. ಎಲ್ಲಾದರೂ ಗೋಡೆಗೆ ಒರಗಿ ಕೂತು, ನೋಟ್ಸ್ ಮುಚ್ಚಿಟ್ಟು, ಖಾಲಿ ಹಾಳೆಯ ಮೇಲೆ ಬರೆಯಿರಿ: ಬಗ್ ಏನು, ಯಾಕೆ ಬಂತು, ಹೇಗೆ ಬಳಸಿದರು, ಹೇಗೆ ಮುಚ್ಚುವುದು. ನೆನಪಿನಿಂದ ಮಾತ್ರ. ಮೂರನೇ ಸಾಲಿಗೇ ಪೆನ್ನು ನಿಲ್ಲುತ್ತದೆ, ನೋಡುತ್ತಿರಿ. ನಿಂತ ಜಾಗವೇ ನಿಮಗೆ ತಿಳಿಯದ ಜಾಗ. ಸ್ಪೀಕರ್ ಇನ್ನೂ ಅಲ್ಲೇ ಬಾಗಿಲ ಹತ್ತಿರ ನಿಂತಿರುತ್ತಾರೆ. ಹೋಗಿ ಕೇಳಿ.

ಇದಕ್ಕೆ ಆಧಾರವಿದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಅನ್ನುವ ಸಂಶೋಧಕರು ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಕೆಲವರು ಅದನ್ನೇ ಮತ್ತೆ ಓದಿದರು. ಕೆಲವರು ಮುಚ್ಚಿಟ್ಟು ನೆನಪಿನಿಂದ ಬರೆದರು. ಐದು ನಿಮಿಷದ ಮೇಲೆ ಪರೀಕ್ಷೆ ಕೊಟ್ಟರೆ ಮತ್ತೆ ಓದಿದವರೇ ಮುಂದೆ. ಒಂದು ವಾರದ ಮೇಲೆ ಕೊಟ್ಟರೆ ನೆನಪಿನಿಂದ ಬರೆದವರು ಮುಂದೆ. ಟೀಮ್ ಲೀಡ್ ಕೇಳುವುದು ಐದು ನಿಮಿಷದ ಮೇಲಲ್ಲ ಅಲ್ವಾ?

ಸ್ಪೀಕರ್‌ನ ಹತ್ತಿರ ಹೋದಾಗ ಒಂದು ಪ್ರಶ್ನೆ ತಪ್ಪದೆ ಕೇಳಿ: "ನೀವು ಮಾಡಿ ನೋಡಿದ್ದರಲ್ಲಿ ಯಾವುದು ಕೆಲಸ ಮಾಡಲಿಲ್ಲ?" ಸ್ಲೈಡ್‌ನಲ್ಲಿ ಗೆದ್ದ ದಾರಿ ಮಾತ್ರ ಇರುತ್ತದೆ. ಸೋತ ಹತ್ತು ದಾರಿಗಳು ಅವರ ತಲೆಯಲ್ಲಿರುತ್ತವೆ. ಈ ಪ್ರಶ್ನೆ ಕೇಳಿದರೆ ಬಹಳ ಜನ ಖುಷಿಯಿಂದ ಬಾಯಿ ಬಿಡುತ್ತಾರೆ. ಪ್ರಾಡಕ್ಟ್ ಮಾರಲು ಬಂದವರು ಮಾತ್ರ ತಡವರಿಸುತ್ತಾರೆ. ಅದೂ ಒಂದು ಉತ್ತರವೇ.

ಹೆಜ್ಜೆ 6: ಎರಡು ದಿನದೊಳಗೆ ಲ್ಯಾಬ್

ಕೇಳಿದ್ದರಲ್ಲಿ ಒಂದೇ ಒಂದನ್ನು ಆರಿಸಿ. ಅದನ್ನು ಕೈಯಾರೆ ಮಾಡಿ. ನಿಮ್ಮದೇ ಯಂತ್ರದಲ್ಲಿ ಅಥವಾ ಅಭ್ಯಾಸಕ್ಕೆಂದೇ ಮಾಡಿದ ಲ್ಯಾಬ್‌ನಲ್ಲಿ ಮಾತ್ರ. ಬೇರೆಯವರ ಸರ್ವರ್ ಮೇಲೆ ಅಪ್ಪಿತಪ್ಪಿಯೂ ಬೇಡ.

ನನ್ನ ಕಥೆ ಹೇಳುತ್ತೇನೆ. 2019ರಲ್ಲಿ ಜೇಮ್ಸ್ ಕೆಟಲ್ ಅನ್ನುವ ಸಂಶೋಧಕ ಎಚ್‌ಟಿಟಿಪಿ ರಿಕ್ವೆಸ್ಟ್ ಸ್ಮಗ್ಲಿಂಗ್ ಬಗ್ಗೆ ಕೊಟ್ಟ ಟಾಕ್‌ನ ವಿಡಿಯೊ ನೋಡಿದೆ. ಎಚ್‌ಟಿಟಿಪಿ ಅಂದರೆ ಬ್ರೌಸರ್ ಮತ್ತು ವೆಬ್ ಸರ್ವರ್ ಮಾತಾಡಿಕೊಳ್ಳುವ ಭಾಷೆ, ರಿಕ್ವೆಸ್ಟ್ ಅಂದರೆ ಬ್ರೌಸರ್ ಕಳಿಸುವ ಕೋರಿಕೆ. ಸಂಗತಿ ಸರಳ. ಎದುರಿಗೆ ಒಂದು ಸರ್ವರ್, ಹಿಂದೆ ಒಂದು ಸರ್ವರ್. ಒಂದು ರಿಕ್ವೆಸ್ಟ್ ಎಲ್ಲಿ ಮುಗಿಯುತ್ತದೆ ಅನ್ನುವುದನ್ನು ಎದುರಿನದು 'ಕಂಟೆಂಟ್-ಲೆಂಗ್ತ್' (ಒಡಲಲ್ಲಿ ಎಷ್ಟು ಬೈಟ್ ಇದೆ ಅನ್ನುವ ಸಂಖ್ಯೆ) ನೋಡಿ ತೀರ್ಮಾನಿಸುತ್ತದೆ. ಹಿಂದಿನದು 'ಟ್ರಾನ್ಸ್‌ಫರ್-ಎನ್‌ಕೋಡಿಂಗ್' (ಒಡಲು ತುಂಡು ತುಂಡಾಗಿ ಬಂದು, ಸೊನ್ನೆ ಅಳತೆಯ ತುಂಡಿಗೆ ಮುಗಿಯುತ್ತದೆ ಅನ್ನುವ ಸೂಚನೆ) ನೋಡುತ್ತದೆ. ರಿಕ್ವೆಸ್ಟ್‌ನ ಒಡಲಲ್ಲಿ ಒಂದು ಸೊನ್ನೆ, ಒಂದು ಖಾಲಿ ಸಾಲು, ಕೊನೆಗೆ 'ಜಿ' ಅನ್ನುವ ಒಂದು ಇಂಗ್ಲಿಷ್ ಅಕ್ಷರ ಇಟ್ಟು ಕಳಿಸಿ. ಎದುರಿನದು ಎಲ್ಲವನ್ನೂ ದಾಟಿಸುತ್ತದೆ. ಹಿಂದಿನದು ಸೊನ್ನೆ ಕಂಡ ತಕ್ಷಣ "ಮುಗಿಯಿತು" ಅನ್ನುತ್ತದೆ. ಉಳಿದ 'ಜಿ' ಮುಂದೆ ಬರುವ ರಿಕ್ವೆಸ್ಟ್‌ನ ತಲೆಗೆ ಅಂಟಿಕೊಳ್ಳುತ್ತದೆ. ರಿಕ್ವೆಸ್ಟ್‌ನ ಮೊದಲ ಪದ, ಅಂದರೆ ಮೆಥಡ್, 'ಪೋಸ್ಟ್' ಇದ್ದದ್ದು 'ಜಿಪೋಸ್ಟ್' ಆಗುತ್ತದೆ. ವಿಡಿಯೊ ಮುಗಿದಾಗ ನನಗೆ ಎಲ್ಲ ಗೊತ್ತಿತ್ತು. ಹಾಗಂದುಕೊಂಡಿದ್ದೆ.

ಪೋರ್ಟ್‌ಸ್ವಿಗ್ಗರ್ ಅನ್ನುವ ಕಂಪನಿಯವರ ಬಿಟ್ಟಿ ಲ್ಯಾಬ್ ತೆರೆದು ಕೂತೆ. ಮೊದಲ ಅರ್ಧ ಗಂಟೆ ಏನೂ ಆಗಲಿಲ್ಲ. ನೋಡಿದರೆ ನನ್ನ ರಿಕ್ವೆಸ್ಟ್ ಹೋಗುತ್ತಿದ್ದದ್ದು ಎಚ್‌ಟಿಟಿಪಿ/2ರಲ್ಲಿ. ಈ ಆಟ ಈ ರೂಪದಲ್ಲಿ ನಡೆಯುವುದು ಅದರ ಹಿಂದಿನ ಆವೃತ್ತಿ ಎಚ್‌ಟಿಟಿಪಿ/1.1ರಲ್ಲಿ. ಅದನ್ನು ಬದಲಿಸಿ, ಈ ಸಲ ಸಣ್ಣದೊಂದು ಸ್ಕ್ರಿಪ್ಟ್ ಬರೆದು ಕಳಿಸಿದೆ. ಕಂಟೆಂಟ್-ಲೆಂಗ್ತ್ 4 ಅಂತ ಹಾಕಿದ್ದೆ: ಸೊನ್ನೆ ಒಂದು, ಸಾಲಿನ ಕೊನೆ ಒಂದು, ಖಾಲಿ ಸಾಲು ಒಂದು, ಜಿ ಒಂದು. ಸರ್ವರ್ ಸುಮ್ಮನೆ ಕಾಯುತ್ತಾ ಕೂತಿತು, ಟೈಮ್‌ಔಟ್. ಎಚ್‌ಟಿಟಿಪಿಯಲ್ಲಿ ಪ್ರತಿ ಸಾಲಿನ ಕೊನೆಗೆ ಎರಡು ಬೈಟ್. ಅಂದರೆ ಲೆಕ್ಕ 4 ಅಲ್ಲ, 6. ಸರಿ ಮಾಡಿ ಎರಡು ಸಲ ಕಳಿಸಿದೆ. ಎರಡನೇ ಉತ್ತರದಲ್ಲಿ 'ಜಿಪೋಸ್ಟ್ ಅನ್ನುವ ಮೆಥಡ್ ಗೊತ್ತಿಲ್ಲ' ಅಂತ ಬಂತು. ಆಮೇಲೆ ಇದನ್ನೇ ಉಲ್ಟಾ ಮಾಡುವ ಲ್ಯಾಬ್‌ಗೆ ಹೋದೆ. ಬರ್ಪ್ ಅನ್ನುವ, ರಿಕ್ವೆಸ್ಟ್ ತಿದ್ದಿ ಕಳಿಸುವ ಟೂಲ್‌ನಲ್ಲಿ ಕಂಟೆಂಟ್-ಲೆಂಗ್ತ್ ತಾನಾಗಿಯೇ ಸರಿಪಡಿಸುವ ಒಂದು ಆಯ್ಕೆ ಟಿಕ್ ಆಗಿಯೇ ಇರುತ್ತದೆ. ನಾನು ಬೇಕೆಂದೇ ತಪ್ಪು ಹಾಕಿದರೆ ಅದು ಪಾಪ, ಒಳ್ಳೆಯ ಮನಸ್ಸಿನಿಂದ ತಿದ್ದಿ ಕಳಿಸುತ್ತಿತ್ತು! ಅದನ್ನು ಕಂಡುಹಿಡಿಯಲು ಇನ್ನೊಂದು ಗಂಟೆ.

ಈ ಮೂರೂ ಎಡವಟ್ಟುಗಳನ್ನು ವಿಡಿಯೊ ನೋಡುವಾಗ ನಾನು ಊಹಿಸಿಯೇ ಇರಲಿಲ್ಲ. ಇವತ್ತಿಗೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ 6 ಅಂತ ಹೇಳುತ್ತೇನೆ.

ಇನ್ನೊಂದು ಮಾತು. ರಿಕ್ವೆಸ್ಟ್ ಸ್ಮಗ್ಲಿಂಗ್ 2019ರಲ್ಲಿ ಹುಟ್ಟಿದ್ದಲ್ಲ. 2005ರಲ್ಲೇ ಅದರ ಬಗ್ಗೆ ಪೇಪರ್ ಬಂದಿತ್ತು. ಅಷ್ಟು ವರ್ಷ ಹೆಚ್ಚಿನವರು ಅದನ್ನು ಮರೆತಿದ್ದರು. 2019ರಲ್ಲಿ ಟಾಕ್ ಜೊತೆಗೆ ಬರಹ ಬಂತು, ಟೂಲ್ ಬಂತು, ಯಾರು ಬೇಕಾದರೂ ಕೂತು ಮಾಡಬಹುದಾದ ಲ್ಯಾಬ್ ಬಂತು. ಅದು ಹರಡಿದ್ದು ಅದಕ್ಕೇ ಅನ್ನುವುದು ನನ್ನ ಅಭಿಪ್ರಾಯ. ಹಾಗಾಗಿ ಟಾಕ್ ಆರಿಸುವಾಗಲೇ ನೋಡಿ: ಕೋಡ್ ಕೊಡುತ್ತಾರಾ, ಲ್ಯಾಬ್ ಇದೆಯಾ, ಬರಹ ಇದೆಯಾ? ಮೂರೂ ಇಲ್ಲದಿದ್ದರೆ ಅದನ್ನು ಮನರಂಜನೆ ಅಂತ ನೋಡಿ. ಅದರಲ್ಲೇನೂ ತಪ್ಪಿಲ್ಲ, ಕಲಿಕೆಯ ಲೆಕ್ಕಕ್ಕೆ ಮಾತ್ರ ಸೇರಿಸಬೇಡಿ.

ಹೆಜ್ಜೆ 7: ಟೀಮ್‌ಗೆ ಸ್ಲೈಡ್ ತೋರಿಸಬೇಡಿ

ವಾಪಸ್ ಬಂದವರಿಗೆ ಆಫೀಸಿನಲ್ಲಿ "ಒಂದು ಪ್ರೆಸೆಂಟೇಶನ್ ಕೊಡಿ" ಅನ್ನುತ್ತಾರೆ. ಅರ್ಧ ಗಂಟೆಯಲ್ಲಿ ಎಂಟು ಟಾಕ್‌ಗಳ ಸಾರಾಂಶ. ನಮಗೇ ಸರಿಯಾಗಿ ದಾಟದಿದ್ದದ್ದನ್ನು ನಾವು ಇನ್ನೊಬ್ಬರಿಗೆ ದಾಟಿಸುವುದು! ಅದರ ಬದಲು ನೀವು ಮಾಡಿದ ಆ ಒಂದು ಲ್ಯಾಬ್ ಅನ್ನು ಅವರ ಕೈಯಲ್ಲಿ ಮಾಡಿಸಿ. ಅವರು ಎಡವುವಾಗ ಬಾಯಿ ಮುಚ್ಚಿಕೊಂಡು ಕೂತಿರಿ. ಇದು ತುಂಬಾ ಕಷ್ಟ, ಗೊತ್ತು. ಅವರು "ಇದು ಯಾಕೆ ಹೀಗೆ?" ಅಂತ ಕೇಳಿದಾಗ ನಿಮಗೆ ಗೊತ್ತಿಲ್ಲದ ಇನ್ನಷ್ಟು ಜಾಗಗಳು ಕಾಣುತ್ತವೆ.

ಕಾನ್ಫರೆನ್ಸ್‌ಗೆ ಜನರನ್ನು ಕಳಿಸುವ ಮ್ಯಾನೇಜರ್‌ಗಳಿಗೂ ಒಂದು ಮಾತು. ಬಂದ ಮರುದಿನ ರಿಪೋರ್ಟ್ ಕೇಳಬೇಡಿ. ಲ್ಯಾಬ್ ಮಾಡಲು ಎರಡು ದಿನ ಬಿಡುವು ಕೊಡಿ. ಒಂದು ತಿಂಗಳ ಮೇಲೆ ಕೇಳಿ: "ಅಲ್ಲಿ ಕೇಳಿದ್ದರಿಂದ ನಮ್ಮಲ್ಲಿ ಏನು ಬದಲಾಯಿತು?" ಒಂದು ಕಾನ್ಫಿಗರೇಶನ್ ಬದಲಾಗಿರಬಹುದು, ಲಾಗ್ ಮೇಲೆ ಒಂದು ಹೊಸ ಅಲರ್ಟ್ ಕೂತಿರಬಹುದು. "ನಮಗೆ ಇದು ಅನ್ವಯಿಸುವುದಿಲ್ಲ, ಪರೀಕ್ಷಿಸಿ ನೋಡಿದೆ" ಅನ್ನುವುದೂ ಒಳ್ಳೆಯ ಉತ್ತರವೇ.

ಹೋಗಲು ಆಗದವರಿಗೆ

ರೆಕಾರ್ಡಿಂಗ್ ನೋಡುವವರಿಗೆ ಹಾಲ್‌ನಲ್ಲಿ ಕೂತವರಿಗಿಲ್ಲದ ಒಂದು ಅನುಕೂಲ ಇದೆ: ನಿಲ್ಲಿಸುವ ಬಟನ್. ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ಅದನ್ನು ಹಾಳು ಮಾಡಬೇಡಿ. ಸ್ಪೀಕರ್ ಸಮಸ್ಯೆ ಹೇಳಿ ಮುಗಿಸಿದ ಕೂಡಲೇ ನಿಲ್ಲಿಸಿ. ನೀವಾಗಿದ್ದರೆ ಮುಂದೆ ಏನು ಮಾಡುತ್ತಿದ್ದಿರಿ ಅಂತ ಎರಡು ಸಾಲು ಬರೆಯಿರಿ. ಆಮೇಲೆ ಓಡಿಸಿ. ಊಹೆ ಸರಿಯಾದರೆ ಆ ಭಾಗ ನಿಮಗೆ ಬರುತ್ತದೆ, ದಾಟಿಸಿ ಮುಂದೆ ಹೋಗಿ. ತಪ್ಪಾದರೆ ಅಲ್ಲೇ ವಿಡಿಯೊ ಬಿಟ್ಟು ಟರ್ಮಿನಲ್ ತೆರೆಯಿರಿ. ಈ ರೀತಿ ನೋಡಿದರೆ 45 ನಿಮಿಷದ ಟಾಕ್‌ಗೆ ಒಂದು ಇಡೀ ಭಾನುವಾರ ಬೇಕಾಗುತ್ತದೆ. ನನಗೆ ಸ್ಮಗ್ಲಿಂಗ್ ಟಾಕ್‌ಗೆ ಎರಡು ಭಾನುವಾರ ಹಿಡಿಯಿತು.